ಗಡಿಯಾರ ಮುಂದಿಟ್ಕೊಂಡು ಕಾದಂಬರಿ ಬರೆದ ಪೋಸ್ಟಾಫೀಸಿನವನು

ಮೂಡ್ ಇಲ್ಲ ಅಂತ ಲ್ಯಾಪ್‌ಟಾಪ್ ಮುಚ್ಚಿಡೋದು ನನ್ನ ಹಳೇ ಚಟ. 19ನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್‌ನ ಆತ್ಮಕಥೆ ಓದಿದ್ಮೇಲೆ ಮಾತ್ರ ಹಾಗನ್ನೋಕೆ ಸ್ವಲ್ಪ ನಾಚಿಕೆ ಆಗ್ತಿದೆ.

1815ರಲ್ಲಿ ಲಂಡನ್ನಲ್ಲಿ ಹುಟ್ಟಿದವನು. ಅಪ್ಪ ಬ್ಯಾರಿಸ್ಟರು, ಆದ್ರೆ ಕೈ ಹಾಕಿದ್ದೆಲ್ಲಾ ಮುಳುಗಿ 1834ರಲ್ಲಿ ಸಾಲಕ್ಕೆ ಹೆದರಿ ಮನೆಮಂದಿಯೆಲ್ಲಾ ಬೆಲ್ಜಿಯಂನ ಬ್ರೂಜ್‌ಗೆ ಓಡಬೇಕಾಯ್ತು. ಸಂಸಾರ ಎಳೆದಿದ್ದು ಅಮ್ಮ ಫ್ರಾನ್ಸಿಸ್. 50 ದಾಟಿದ್ಮೇಲೆ ಮೊದಲ ಪುಸ್ತಕ ತಂದ ಹೆಂಗಸು, ಒಂದು ಕಡೆ ಹಾಸಿಗೆ ಹಿಡಿದ ಗಂಡ, ಇನ್ನೊಂದು ಕಡೆ ಕ್ಷಯದಿಂದ ಸಾಯ್ತಿರೋ ಮಗ, ರೋಗಿಗಳ ಕೋಣೇಲಿ ಔಷಧಿ ಬಾಟ್ಲಿ ಪಕ್ಕದಲ್ಲೇ ಇಂಕ್ ಬಾಟ್ಲಿ ಇಟ್ಕೊಂಡು ಕಾದಂಬರಿ ಬರೀತಿದ್ರಂತೆ. ಟ್ರಾಲಪ್‌ನ ಶಿಸ್ತು ಎಲ್ಲಿಂದ ಬಂತು ಅಂತ ಬೇರೆ ಹುಡುಕೋದೇ ಬೇಡ, ನನ್ನ ಪ್ರಕಾರ.

ಅದೇ ವರ್ಷ ಪೋಸ್ಟಾಫೀಸಲ್ಲಿ ಗುಮಾಸ್ತನಾಗಿ ಸೇರ್ಕೊಂಡ. ಲಂಡನ್ನಲ್ಲಿ ಏಳು ವರ್ಷ ಬರೀ ಬೈಸ್ಕೊಂಡಿದ್ದೇ ಬಂತು, 1841ರಲ್ಲಿ ಐರ್ಲೆಂಡಿಗೆ ಹೋದ್ಮೇಲೇ ಮನುಷ್ಯ ಅನ್ನಿಸ್ಕೊಂಡಿದ್ದು. ಬ್ರಿಟನ್ನಿನ ಬೀದಿ ಬದಿ ಟಪಾಲು ಡಬ್ಬಿ ಇದ್ಯಲ್ಲ, ಅದನ್ನ 1852ರಲ್ಲಿ ಜರ್ಸಿ ದ್ವೀಪದಲ್ಲಿ ಮೊದಲು ನಿಲ್ಸಿದ್ದು ಇವನ ಶಿಫಾರಸಿನ ಮೇಲೇನೇ.

1847ರಲ್ಲಿ ಮೊದಲ ಕಾದಂಬರಿ ಬಂತು, ಯಾರೂ ಮೂಸಿ ನೋಡ್ಲಿಲ್ಲ. ಎರಡನೇದು, ಮೂರನೇದೂ ಅಷ್ಟೇ. 1855ರಲ್ಲಿ ‘ದಿ ವಾರ್ಡನ್’ಗೆ 9 ಪೌಂಡ್ 8 ಶಿಲಿಂಗ್ 8 ಪೆನ್ಸಿನ ಚೆಕ್ ಬಂತು ನೋಡಿ, ಅದೇ ನನ್ನ ಮೊದಲ ಸಂಪಾದನೆ ಅಂತ ಬರ್ಕೊಂಡಿದಾನೆ. ಅದಕ್ಕೂ ಮುಂಚೆ ಒಬ್ಬ ಪ್ರಕಾಶಕ 20 ಪೌಂಡ್ ಕೊಟ್ಟಿದ್ದ, ಆದ್ರೆ ಅದು ದುಡಿದಿದ್ದಲ್ಲ, ಪಾಪ ಅವನ ಕೈಯಿಂದ ಕಿತ್ಕೊಂಡಿದ್ದು ಅಂತೆ!

ಬೆಳಿಗ್ಗೆ 5.30ಕ್ಕೆ ಮೇಜಿಗೆ. ಮೊದಲ ಅರ್ಧ ಗಂಟೆ ಹಿಂದಿನ ದಿನದ್ದು ಓದೋದು, ಆಮೇಲೆ ವಾಚು ಮುಂದಿಟ್ಕೊಂಡು ಕಾಲು ಗಂಟೆಗೆ 250 ಪದ. ನಾನೂ ಟ್ರೈ ಮಾಡ್ದೆ, 90 ಆಗೋಷ್ಟರಲ್ಲಿ ಟೈಮ್ ಮುಗೀತು. ಕೆಲಸದ ಮೇಲೆ ರೈಲಲ್ಲಿ ಓಡಾಡೋವಾಗ ತೊಡೆ ಮೇಲೆ ಹಲಗೆ ಇಟ್ಕೊಂಡು ಪೆನ್ಸಿಲ್ಲಲ್ಲಿ ಗೀಚೋನು, ಹೆಂಡತಿ ರೋಸ್ ಅದನ್ನ ನೀಟಾಗಿ ಕಾಪಿ ಮಾಡೋಳು. ‘ಬಾರ್ಚೆಸ್ಟರ್ ಟವರ್ಸ್’ನ ಬಹುಪಾಲು ಹಾಗೇ ಹುಟ್ಟಿದ್ದು. ಹಡಗಲ್ಲಿ ಹೊಟ್ಟೆ ತೊಳಸಿದಾಗ ಎದ್ದು ಓಡ್ಹೋಗಿ ಬಂದು ಮತ್ತೆ ಬರೆದಿದ್ದೂ ಉಂಟು. ಒಟ್ಟು 47 ಕಾದಂಬರಿ.

ಒಂದಿನ ಕ್ಲಬ್ಬಲ್ಲಿ ಇಬ್ಬರು ಪಾದ್ರಿಗಳು, ಇವನು ಪಾತ್ರಗಳನ್ನ ತಂದಿದ್ದೇ ತರ್ತಾನೆ, ಆ ಬಿಷಪ್ ಹೆಂಡತಿ ಮಿಸೆಸ್ ಪ್ರೌಡಿ ಅಂತೂ ಸಾಕಾಗಿದಾಳೆ ಅಂತ ಬೈತಾ ಇದ್ರಂತೆ. ಇವನು ಪಕ್ಕದಲ್ಲೇ. ಎದ್ದು ಹೋಗಿ, ಅವನು ನಾನೇ, ಈ ವಾರದೊಳಗೆ ಅವಳನ್ನ ಮುಗಿಸ್ತೀನಿ ಅಂದ, ಮುಗಿಸಿಯೂ ಬಿಟ್ಟ. ಆಮೇಲೆ ಪಶ್ಚಾತ್ತಾಪ ಪಟ್ನಂತೆ.

1882ರಲ್ಲಿ ತೀರ್ಕೊಂಡ, ಮರುವರ್ಷ ಆತ್ಮಕಥೆ ಬಂತು. ಯಾವ ಪುಸ್ತಕಕ್ಕೆ ಎಷ್ಟು ಬಂತು ಅಂತ ಪೆನ್ನಿವರೆಗೂ ಲೆಕ್ಕ, ಒಟ್ಟು 68,939 ಪೌಂಡ್ 17 ಶಿಲಿಂಗ್ 5 ಪೆನ್ಸ್. ಕಾದಂಬರಿ ಬರೆಯೋದನ್ನ ಚಪ್ಪಲಿ ಹೊಲಿಯೋ ಕೆಲಸಕ್ಕೆ ಹೋಲಿಸಿದ್ದಕ್ಕೆ ಮೂಗು ಮುರಿದೋರು ಬಹಳ. ನಂಗೆ ಇಷ್ಟ ಆಗಿದ್ದೇ ಅದು. ಆ ಲೆಕ್ಕದ ಬುದ್ಧಿ ಕೃತಜ್ಞತೇಲೂ ಇದೆ. ವಾಲ್ಥಂ ಕ್ರಾಸ್ ಮನೇಲಿ ಇವನನ್ನ ಎಬ್ಬಿಸೋಕೆ ಅಂತಾನೇ ಕುದುರೆ ನೋಡ್ಕೊಳ್ಳೋ ಮುದುಕನಿಗೆ ವರ್ಷಕ್ಕೆ 5 ಪೌಂಡ್ ಜಾಸ್ತಿ ಕೊಡ್ತಿದ್ದ. ನನ್ನ ಯಶಸ್ಸಿಗೆ ಬೇರೆ ಯಾರಿಗಿಂತ ಹೆಚ್ಚು ಇವನಿಗೇ ಋಣಿ ಆಗಿರ್ಬೇಕೇನೋ ಅಂತಾನೆ. ಅಷ್ಟೂ ವರ್ಷದಲ್ಲಿ ಆ ಮುದುಕ ಕಾಫಿ ತರೋದು ಒಂದಿನಾನೂ ತಡ ಮಾಡ್ಲಿಲ್ವಂತೆ.