ಒಂದೇ ಪೋರ್ಟ್, ಮೂರು ಪ್ರೋಗ್ರಾಂ: ಮಲ್ಟಿಕಾಸ್ಟ್ ಕೈಕೊಡುವ ಜಾಗಗಳು

ಗಂಗಾವತಿ ಕಡೆಯ ಒಂದು ರೈಸ್ ಮಿಲ್ ಅಂದುಕೊಳ್ಳಿ. ಭತ್ತದ ಲಾರಿ ವೇಬ್ರಿಡ್ಜ್ ಏರಿದೊಡನೆ ತೂಕವು 239.16.16.5 ಎಂಬ ಮಲ್ಟಿಕಾಸ್ಟ್ ವಿಳಾಸದ ಯುಡಿಪಿ ಪೋರ್ಟ್ 5007ಕ್ಕೆ ಹೋಗುತ್ತದೆ. ಮಲ್ಟಿಕಾಸ್ಟ್ ಎಂದರೆ ಗುಂಪಿನ ವಿಳಾಸಕ್ಕೆ ಒಮ್ಮೆ ಕಳಿಸಿದ್ದು, ಆ ಗುಂಪಿಗೆ ಸೇರಿದ (ಜಾಯಿನ್ ಆದ) ಎಲ್ಲರಿಗೂ ತಲುಪುವ ವಿಧಾನ. ಆಫೀಸಿನ ಒಂದೇ ಲಿನಕ್ಸ್ ಕಂಪ್ಯೂಟರಿನಲ್ಲಿ ಬಿಲ್ಲಿಂಗ್, ಡಿಸ್‌ಪ್ಲೇ, ಲಾಗ್ ಮೂರಕ್ಕೂ ಅದು ಬೇಕು. ಬಿಲ್ಲಿಂಗ್ ಸರಾಗವಾಗಿ ಶುರುವಾಗುತ್ತದೆ. ಡಿಸ್‌ಪ್ಲೇ ಮಾತ್ರ ಬೈಂಡ್ ಮಾಡುವಾಗಲೇ (ಪೋರ್ಟ್ ಹಿಡಿಯುವಾಗಲೇ) ಎರರ್ 98 ಕೊಟ್ಟು ನಿಲ್ಲುತ್ತದೆ: ವಿಳಾಸ ಆಗಲೇ ಬಳಕೆಯಲ್ಲಿದೆ.

ಪರಿಹಾರ, ಒಂದೇ ಪೋರ್ಟನ್ನು ಹಂಚಿಕೊಳ್ಳಲು ಬಿಡುವ ರಿಯೂಸ್‌ಅಡ್ರ್ (SO_REUSEADDR) ಆಪ್ಷನ್. ಅದನ್ನು ಬೈಂಡ್‌ಗೆ ಮುಂಚೆಯೇ ಹಾಕಬೇಕು, ಮೂರೂ ಪ್ರೋಗ್ರಾಂಗಳಲ್ಲಿ ಹಾಕಬೇಕು. ಮೊದಲು ಬಂದು ಪೋರ್ಟ್ ಹಿಡಿದವನು ಹಾಕಿರದಿದ್ದರೆ ಆಮೇಲೆ ಬಂದವನು ಹಾಕಿ ಪ್ರಯೋಜನವಿಲ್ಲ. ಹಿಡಿದಿರುವವನು ಯಾರೆಂದು 'ಎಸ್‌ಎಸ್ -ಯುಎಲ್‌ಎನ್‌ಪಿ' (ss -ulnp) ಕಮಾಂಡ್ ಹೇಳುತ್ತದೆ. 2013ರ ಲಿನಕ್ಸ್ 3.9ರಲ್ಲಿ ಬಂದ ರಿಯೂಸ್‌ಪೋರ್ಟ್ (SO_REUSEPORT) ಎಂಬ ಬದಲಿ ಆಪ್ಷನ್ ಬಳಸಿದರೆ ಇನ್ನೊಂದು ಷರತ್ತಿದೆ: ಎಲ್ಲವೂ ಒಂದೇ ಯೂಸರ್ ಹೆಸರಿನಲ್ಲಿ ಓಡಬೇಕು. ಲಾಗ್ ಪ್ರೋಗ್ರಾಂ ರೂಟ್ ಆಗಿ, ಉಳಿದವು ಮಾಮೂಲಿ ಯೂಸರ್ ಆಗಿ ಓಡುತ್ತಿದ್ದರೆ ಮತ್ತೆ ಅದೇ 98.

ಪರೀಕ್ಷೆಗೆಂದು ಕಂಪ್ಯೂಟರಿನ ಸ್ವಂತ ಐಪಿಗೆ ಪ್ಯಾಕೆಟ್ ಕಳಿಸಬೇಡಿ. ಯುನಿಕಾಸ್ಟ್ ಪ್ಯಾಕೆಟ್ (ಒಂದೇ ಕಂಪ್ಯೂಟರಿನ ವಿಳಾಸಕ್ಕೆ ಹೋಗುವುದು) ಒಂದೇ ಸಾಕೆಟ್‌ಗೆ, ಅಂದರೆ ಪ್ರೋಗ್ರಾಂ ತೆರೆದ ಒಂದೇ ಬಾಗಿಲಿಗೆ, ಸಿಗುತ್ತದೆ, ಹಂಚಿಕೆಯೇ ಕೆಟ್ಟಿದೆ ಅನಿಸುತ್ತದೆ. ಗುಂಪಿನ ವಿಳಾಸಕ್ಕೆ ಕಳಿಸಿದಾಗ ಮಾತ್ರ ಎಲ್ಲರಿಗೂ ಒಂದೊಂದು ಪ್ರತಿ.

ತುಂಬ ದಿನ ಕಣ್ಣಿಗೆ ಬೀಳದೆ ಉಳಿಯುವ ತಪ್ಪು ಬೇರೆಯದು. 0.0.0.0ಗೆ (ಅಂದರೆ ಎಲ್ಲ ವಿಳಾಸಗಳಿಗೂ) ಬೈಂಡ್ ಆದ ಸಾಕೆಟ್‌ಗೆ, ಆ ಕಂಪ್ಯೂಟರಿನಲ್ಲಿ ಯಾರೇ ಸೇರಿರುವ ಗುಂಪಿನ ಪ್ಯಾಕೆಟ್ ಆದರೂ ಆ ಪೋರ್ಟಿಗೆ ಬಂದರೆ ಲಿನಕ್ಸ್ ಕೊಟ್ಟುಬಿಡುತ್ತದೆ. ಹಾಗಾಗಿ ಡಿಸ್‌ಪ್ಲೇ ಗುಂಪಿಗೆ ಸೇರಲು ಮರೆತಿದ್ದರೂ ಬಿಲ್ಲಿಂಗ್ ಅಥವಾ ಲಾಗ್ ಸೇರಿರುವಷ್ಟು ಹೊತ್ತು ತೂಕ ತೋರಿಸುತ್ತಲೇ ಇರುತ್ತದೆ. ಸಂಜೆ ಅವೆರಡನ್ನೂ ಮುಚ್ಚಿದ ಕೂಡಲೇ ಡಿಸ್‌ಪ್ಲೇ ನಿಂತುಹೋಗುತ್ತದೆ, ಮುಟ್ಟದ ಪ್ರೋಗ್ರಾಂ ಹೇಗೆ ಕೆಟ್ಟಿತೆಂದು ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಹೀಗೆ ಕೊಡಬೇಕೇ ಎಂದು ನಿರ್ಧರಿಸುವ ಐಪಿ_ಮಲ್ಟಿಕಾಸ್ಟ್_ಆಲ್ (IP_MULTICAST_ALL) ಆಪ್ಷನ್ ಅನ್ನು 0 ಮಾಡಿ; ಮರೆತ ಜಾಯಿನ್ ಮೊದಲ ದಿನವೇ ಸಿಕ್ಕಿಬೀಳುತ್ತದೆ. ಇದನ್ನು ಎಲ್ಲ ಪ್ರೋಗ್ರಾಂಗೂ ಕಡ್ಡಾಯ ಮಾಡುವುದು ಒಳ್ಳೆಯದು. ಲಿನಕ್ಸ್‌ನಲ್ಲಿ 239.16.16.5ಕ್ಕೇ ಬೈಂಡ್ ಮಾಡಿದರೆ ಬೇರೆ ಗುಂಪುಗಳ ಪ್ಯಾಕೆಟ್ ಬರುವುದು ನಿಲ್ಲುತ್ತದೆ, ಆದರೆ ಮರೆತ ಜಾಯಿನ್ ಅಡಗಿಯೇ ಇರುತ್ತದೆ. ವಿಂಡೋಸ್ ಅಂತೂ ಗುಂಪಿನ ವಿಳಾಸಕ್ಕೆ ಬೈಂಡ್ ಮಾಡಲು ಬಿಡುವುದಿಲ್ಲ.

ವೈಫೈ, ಕೇಬಲ್ ಎರಡೂ ಇದ್ದರೆ ಜಾಯಿನ್ ಮಾಡುವಾಗ ಇಂಟರ್‌ಫೇಸ್ (ಯಾವ ನೆಟ್‌ವರ್ಕ್ ಕಾರ್ಡ್ ಎಂಬ) ಜಾಗದಲ್ಲಿ 0.0.0.0 ಕೊಡಬೇಡಿ. ಕರ್ನಲ್ (ಲಿನಕ್ಸ್‌ನ ತಿರುಳು) ರೂಟಿಂಗ್ ಟೇಬಲ್ ನೋಡಿ ವೈಫೈಗೆ ಸೇರಿಸಬಹುದು, ತೂಕ ಕೇಬಲ್‌ನಲ್ಲಿ ಬರುತ್ತಿರಬಹುದು. ಕೇಬಲ್ ಕಾರ್ಡಿನ ಐಪಿಯನ್ನೇ ಕೊಡಿ. ಆಮೇಲೆ /ಪ್ರಾಕ್/ನೆಟ್/ಐಜಿಎಂಪಿ (/proc/net/igmp) ಫೈಲ್ ತೆರೆಯಿರಿ; ಐಜಿಎಂಪಿ ಎಂದರೆ ಗುಂಪಿನ ಸದಸ್ಯತ್ವ ತಿಳಿಸುವ ನಿಯಮ: ಮಾಮೂಲಿ ಪಿಸಿಯಲ್ಲಿ ವಿಳಾಸ ಹೆಕ್ಸ್‌ನಲ್ಲಿ ಹಿಂದುಮುಂದಾಗಿ, 051010ಇಎಫ್ ಎಂದು ಇರುತ್ತದೆ. ಅದು ಯಾವ ಇಂಟರ್‌ಫೇಸಿನ ಕೆಳಗಿದೆ ನೋಡಿ.

ಟಿಸಿಪಿಡಂಪ್‌ನಲ್ಲಿ (ಬರುವ ಪ್ಯಾಕೆಟ್ ತೋರಿಸುವ ಟೂಲ್) ಪ್ಯಾಕೆಟ್ ಕಂಡೂ ಯಾವ ಪ್ರೋಗ್ರಾಂಗೂ ಸಿಗದಿದ್ದರೆ ಫೈರ್‌ವಾಲ್, ಇಲ್ಲವೇ ಆರ್‌ಪಿ_ಫಿಲ್ಟರ್ (ಕಳಿಸಿದವನಿಗೆ ಮರಳುವ ದಾರಿ ಪ್ಯಾಕೆಟ್ ಬಂದ ಇಂಟರ್‌ಫೇಸೇ ಎಂದು ನೋಡುವ ಕರ್ನಲ್ ತಪಾಸಣೆ) ಕಾರಣ. ತೂಕದ ಯಂತ್ರ 192.168.5ರಲ್ಲಿ, ಕಂಪ್ಯೂಟರಿನ ಕೇಬಲ್ ಕಾರ್ಡ್ 192.168.1ರಲ್ಲಿ, ಡೀಫಾಲ್ಟ್ ರೂಟ್ ವೈಫೈ ಮೇಲೆ ಇದ್ದು ಫಿಲ್ಟರ್ 1 ಆಗಿದ್ದರೆ ಕರ್ನಲ್ ಆ ಪ್ಯಾಕೆಟ್ಟನ್ನು ಸದ್ದಿಲ್ಲದೆ ಎಸೆಯುತ್ತದೆ.

ಶುರುವಿನಲ್ಲಿ ಬಂದು, ಕೆಲವು ನಿಮಿಷದ ನಂತರ ಟಿಸಿಪಿಡಂಪ್‌ನಲ್ಲೂ ಕಾಣದಂತಾದರೆ ಸ್ವಿಚ್ ನೋಡಿ. ಐಜಿಎಂಪಿ ಸ್ನೂಪಿಂಗ್ (ಸದಸ್ಯರಿರುವ ಪೋರ್ಟಿಗೆ ಮಾತ್ರ ಗುಂಪಿನ ಪ್ಯಾಕೆಟ್ ಕಳಿಸುವ ಸ್ವಿಚ್‌ನ ಸೌಲಭ್ಯ) ಆನ್ ಇದ್ದು, 'ಯಾರು ಗುಂಪಿನಲ್ಲಿದ್ದೀರಿ' ಎಂದು ವಿಚಾರಿಸುವ ಕ್ವೆರಿಯರ್ ನೆಟ್‌ವರ್ಕ್‌ನಲ್ಲಿ ಇಲ್ಲದಿದ್ದರೆ, ಸದಸ್ಯತ್ವದ ಅವಧಿ ಮುಗಿದು ಸ್ವಿಚ್ ಆ ಪೋರ್ಟಿಗೆ ಕಳಿಸುವುದನ್ನು ಬಿಡುತ್ತದೆ. ಐಜಿಎಂಪಿಯ ಮಾಮೂಲಿ ಲೆಕ್ಕ ಎರಡು ವಿಚಾರಣೆಗಳ ನಡುವಿನ 125 ಸೆಕೆಂಡಿನ ಎರಡು ಪಟ್ಟು, ಜೊತೆಗೆ ಉತ್ತರಕ್ಕೆ ಕಾಯುವ 10: ಒಟ್ಟು 260 ಸೆಕೆಂಡು. ಸ್ವಿಚ್‌ನಲ್ಲಿ ಕ್ವೆರಿಯರ್ ಆನ್ ಮಾಡಿ, ಮೂರೂ ಪ್ರೋಗ್ರಾಂ ಓಡಿಸಿ, ಕಡೇಪಕ್ಷ ಹತ್ತು ನಿಮಿಷ ಬಿಟ್ಟು ನೋಡಿ.