ಯಾವ ಐಟಿ ಕೋರ್ಸ್ ಸೇರಲಿ? ಕೇಳಿದವರಿಗೆಲ್ಲ ನಾನು ಹೇಳುವುದು

"ಕಂಪ್ಯೂಟರ್ ಲೈನಿಗೆ ಬರಬೇಕು ಅಂತಿದ್ದೇನೆ. ಯಾವ ಸರ್ಟಿಫಿಕೇಶನ್ ಕೋರ್ಸ್ ಸೇರಲಿ?" ನಾನು ಐಟಿಯಲ್ಲಿದ್ದೇನೆ ಎಂದು ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದು. ಈಗಷ್ಟೇ ಡಿಗ್ರಿ ಮುಗಿಸಿದವರು ಕೇಳುತ್ತಾರೆ, ಬೇರೆ ಕೆಲಸದಲ್ಲಿ ಬೇಸತ್ತವರು ಕೇಳುತ್ತಾರೆ, ಮಕ್ಕಳ ಪರವಾಗಿ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಬಹಳ ಜನರ ಕೈಯಲ್ಲಿ ಆಗಲೇ ಎರಡು ಮೂರು ಸಂಸ್ಥೆಗಳ ಕರಪತ್ರ ಇರುತ್ತದೆ. ಅದರಲ್ಲಿ ಒಂದನ್ನು ಆರಿಸಿಕೊಟ್ಟರೆ ಸಾಕು ಅನ್ನುತ್ತಾರೆ.

ನಾನು ಆರಿಸಿಕೊಡುವುದಿಲ್ಲ. ಮೊದಲು ಕೆಲಸ ಗೊತ್ತುಮಾಡಿಕೊಳ್ಳಿ, ಆಮೇಲೆ ಪರೀಕ್ಷೆ, ಕೋರ್ಸಿನ ಮಾತು ಕೊನೆಗೆ ಅನ್ನುತ್ತೇನೆ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ.

ಐಟಿ ಅನ್ನುವುದು ಒಂದೇ ಕೆಲಸ ಅಲ್ಲವಲ್ಲ. ಕೆಟ್ಟ ಲ್ಯಾಪ್‌ಟಾಪ್ ಸರಿ ಮಾಡಿ ಜನರ ಫೋನಿಗೆ ಉತ್ತರ ಕೊಡುವುದು ಒಂದು ಕೆಲಸ, ಇದಕ್ಕೆ ಸಪೋರ್ಟ್ ಅನ್ನುತ್ತಾರೆ. ಕಂಪ್ಯೂಟರುಗಳನ್ನು ನೆಟ್‌ವರ್ಕಿಗೆ ಜೋಡಿಸುವ ರೂಟರ್, ಸ್ವಿಚ್ ನೋಡಿಕೊಳ್ಳುವುದು ಇನ್ನೊಂದು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಓಡುವ ಸರ್ವರ್, ಕ್ಲೌಡ್ (ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಕಂಪ್ಯೂಟರ್), ಸೆಕ್ಯುರಿಟಿ, ಒಂದೊಂದಕ್ಕೂ ಬೇರೆ ಬೇರೆ ಪರೀಕ್ಷೆ. ನಿಮಗೆ ಬೇಕಾದ ಕೆಲಸದ ಒಂದಷ್ಟು ಜಾಹೀರಾತು ತೆಗೆದು ಓದಿ. ಹೊಸಬರನ್ನು ತೆಗೆದುಕೊಳ್ಳುವವರು ಯಾವ ಪರೀಕ್ಷೆಯ ಹೆಸರನ್ನು ಮತ್ತೆ ಮತ್ತೆ ಬರೆದಿದ್ದಾರೆ ನೋಡಿ. ಅಲ್ಲಿ ಕಾಣದ ಹೆಸರು ಕರಪತ್ರದಲ್ಲಿ ಎಷ್ಟು ದಪ್ಪಕ್ಷರದಲ್ಲಿದ್ದರೂ ಪ್ರಯೋಜನವಿಲ್ಲ. ಪ್ರೋಗ್ರಾಮರ್ ಆಗಬೇಕು ಅನ್ನುವವರಿಗೆ ನನ್ನ ಸಲಹೆಯೇ ಬೇರೆ. ಅಲ್ಲಿ ಸರ್ಟಿಫಿಕೇಟಿಗಿಂತ ನೀವೇ ಬರೆದ, ತೆರೆದು ತೋರಿಸಬಹುದಾದ ಕೋಡ್ ಜಾಸ್ತಿ ಮಾತಾಡುತ್ತದೆ.

ಇನ್ನೊಂದು ವಿಷಯದಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಕೋರ್ಸ್ ಮುಗಿದ ಮೇಲೆ ತರಬೇತಿ ಸಂಸ್ಥೆ ಕೊಡುವ ಸರ್ಟಿಫಿಕೇಟ್ ಬೇರೆ, ಉದ್ಯಮದಲ್ಲಿ ಬೆಲೆ ಇರುವ ಸರ್ಟಿಫಿಕೇಶನ್ ಬೇರೆ. ಮೊದಲನೆಯದು ನೀವು ತರಗತಿಗೆ ಬಂದಿದ್ದಿರಿ ಅನ್ನುತ್ತದೆ, ಅಷ್ಟೇ. ಎರಡನೆಯದನ್ನು ಕೊಡುವುದು ಸಿಸ್ಕೊ, ಮೈಕ್ರೋಸಾಫ್ಟ್, ರೆಡ್ ಹ್ಯಾಟ್, ಕಾಂಪ್‌ಟಿಯಾದಂಥವರು. ಪರೀಕ್ಷೆ ಅವರದ್ದು, ಫಲಿತಾಂಶವೂ ಅವರದ್ದು. ಕೋರ್ಸ್ ಫೀಸಿನಲ್ಲಿ ಈ ಪರೀಕ್ಷೆಯ ಶುಲ್ಕ ಸೇರಿದೆಯೋ ಇಲ್ಲವೋ ಬಾಯಿಬಿಟ್ಟು ಕೇಳಿ. ಎಷ್ಟೋ ಸಲ ಸೇರಿರುವುದಿಲ್ಲ.

ಸೊನ್ನೆಯಿಂದ ಶುರು ಮಾಡುವವರಿಗೆ, ಸಪೋರ್ಟ್ ಕೆಲಸ ಸಾಕು ಅನ್ನುವುದಾದರೆ, ಕಾಂಪ್‌ಟಿಯಾದ ಎ ಪ್ಲಸ್ ಒಳ್ಳೆಯ ಬಾಗಿಲು. ಅದರಲ್ಲಿ ಎರಡು ಪರೀಕ್ಷೆ, ಒಂದೊಂದಕ್ಕೂ 90 ನಿಮಿಷ. ಹಾರ್ಡ್‌ವೇರ್, ಆಪರೇಟಿಂಗ್ ಸಿಸ್ಟಂ, ಪ್ರಿಂಟರ್, ವೈಫೈ ಎಲ್ಲ ಬರುತ್ತದೆ. ನೆಟ್‌ವರ್ಕ್ ಇಷ್ಟವಾದರೆ ಸಿಸ್ಕೊದ ಸಿಸಿಎನ್‌ಎ. 2020ರ ಫೆಬ್ರವರಿಯಿಂದ ಅದಕ್ಕೆ ಒಂದೇ ಪರೀಕ್ಷೆ, 120 ನಿಮಿಷದ್ದು. ಬರೆಯಲು ಬೇರೆ ಅರ್ಹತೆ ಕೇಳುವುದಿಲ್ಲ, ಆದರೆ ಸುಲಭ ಅಂದುಕೊಳ್ಳಬೇಡಿ. ಸಬ್‌ನೆಟ್ ಲೆಕ್ಕ, ಅಂದರೆ ನೆಟ್‌ವರ್ಕಿನ ವಿಳಾಸಗಳನ್ನು ಸಣ್ಣ ಸಣ್ಣ ಗುಂಪು ಮಾಡುವ ಲೆಕ್ಕ, ಕೈಗೆ ಹತ್ತದಿದ್ದರೆ ಅಲ್ಲಿ ಹೆಣಗಾಡಬೇಕಾಗುತ್ತದೆ. ಕ್ಲೌಡಿಗೆ ಅಮೆಜಾನಿನ ಎಡಬ್ಲ್ಯೂಎಸ್ ಮತ್ತು ಮೈಕ್ರೋಸಾಫ್ಟಿನ ಅಜೂರ್‌ನ ಆರಂಭದ ಪರೀಕ್ಷೆಗಳಿವೆ. ಅವು ಪರಿಚಯದ ಮಟ್ಟದವು. ಅವನ್ನೊಂದೇ ನಂಬಿ ಕೆಲಸ ಕೇಳಲು ಹೋದರೆ ನಿರಾಸೆಯಾಗುತ್ತದೆ.

ನನಗೆ ಎಲ್ಲಕ್ಕಿಂತ ಗೌರವ ಇರುವುದು ರೆಡ್ ಹ್ಯಾಟ್‌ನ ಲಿನಕ್ಸ್ ಪರೀಕ್ಷೆ ಆರ್‌ಎಚ್‌ಸಿಎಸ್‌ಎ ಮೇಲೆ. ಅಲ್ಲಿ ನಾಲ್ಕು ಉತ್ತರದಲ್ಲಿ ಒಂದನ್ನು ಗುರುತು ಹಾಕುವ ಆಟ ಇಲ್ಲ. ನಿಜವಾದ ಸಿಸ್ಟಂ ಮುಂದೆ ಕೂರಿಸಿ ಕೆಲಸ ಕೊಡುತ್ತಾರೆ. ಯೂಸರ್ ಸೇರಿಸಿ, ಡಿಸ್ಕ್ ಜಾಗ ಹೆಚ್ಚಿಸಿ, ಇಂಥದ್ದು. ನೀವು ಮಾಡಿದ್ದು ಸಿಸ್ಟಂ ರೀಬೂಟ್ ಆದ ಮೇಲೂ ಉಳಿದಿರಬೇಕು, ಇಲ್ಲದಿದ್ದರೆ ಅಂಕ ಇಲ್ಲ. ಬಾಯಿಪಾಠ ಮಾಡಿದವರು ಅಲ್ಲಿ ಎಲ್ಲಿ ಪಾಸಾಗುತ್ತಾರೆ?

ಸೆಕ್ಯುರಿಟಿ ಅಂದರೆ ಈಗ ಎಲ್ಲರ ಕಣ್ಣೂ ಅರಳುತ್ತದೆ. ಹೊಸಬರಿಗೆ ಸಿಐಎಸ್‌ಎಸ್‌ಪಿ ಕೋರ್ಸ್ ಮಾರುವವರನ್ನು ಕಂಡಿದ್ದೇನೆ. ಆ ಸರ್ಟಿಫಿಕೇಶನ್ ಪೂರ್ತಿ ನಿಮ್ಮದಾಗಲು ಆ ಕ್ಷೇತ್ರದಲ್ಲಿ 5 ವರ್ಷ ಸಂಬಳದ ಕೆಲಸ ಮಾಡಿರಬೇಕು. ಡಿಗ್ರಿ ಇದ್ದರೆ ಒಂದು ವರ್ಷ ವಿನಾಯಿತಿ ಸಿಗಬಹುದು, ಅಷ್ಟೇ. ಮೊದಲ ಕೆಲಸ ಹುಡುಕುತ್ತಿರುವವರಿಗೆ ಇದನ್ನು ಮಾರುವುದಕ್ಕೆ ಏನೆನ್ನಬೇಕೋ ನೀವೇ ಹೇಳಿ.

ಪರೀಕ್ಷೆ ಗೊತ್ತಾಯಿತಾ? ಈಗ ಕೋರ್ಸ್. ಪರೀಕ್ಷೆ ನಡೆಸುವವರೇ ಅದರಲ್ಲಿ ಏನೇನು ಬರುತ್ತದೆ ಎಂಬ ಪಟ್ಟಿಯನ್ನು ಪುಕ್ಕಟೆ ಕೊಡುತ್ತಾರೆ. ಅದನ್ನು ಇಳಿಸಿಕೊಂಡು ಸಂಸ್ಥೆಯ ಪಠ್ಯದ ಪಕ್ಕದಲ್ಲಿಟ್ಟು ನೋಡಿ. ಪರೀಕ್ಷೆಯ ಆವೃತ್ತಿಯ ನಂಬರನ್ನೂ ಹೋಲಿಸಿ. ಎ ಪ್ಲಸ್‌ನ ಹಳೆಯ ಆವೃತ್ತಿ 2025ರ ಸೆಪ್ಟೆಂಬರಿನಲ್ಲಿ ನಿಂತುಹೋಯಿತು. ಈಗಿನದು 220-1201 ಮತ್ತು 220-1202. ಮೈಕ್ರೋಸಾಫ್ಟ್‌ನ ಎಂಸಿಎಸ್‌ಇ ಸರ್ಟಿಫಿಕೇಶನ್ 2021ರ ಜನವರಿಯಲ್ಲೇ ಮುಗಿದುಹೋಗಿದೆ. ಕರಪತ್ರದಲ್ಲಿ ಅದರ ಹೆಸರು ಇನ್ನೂ ಇದ್ದರೆ ಆ ಸಂಸ್ಥೆಯವರು ಪಠ್ಯ ತೆರೆದು ನೋಡಿ ಎಷ್ಟು ಕಾಲವಾಯಿತೋ ಊಹಿಸಿ.

ಆಮೇಲೆ ಲ್ಯಾಬ್. ನಾನು ಜಾಸ್ತಿ ಒತ್ತಿ ಹೇಳುವುದು ಇದನ್ನೇ. ವಾರಕ್ಕೆ ಎಷ್ಟು ಗಂಟೆ ಲ್ಯಾಬ್? ಒಬ್ಬರಿಗೆ ಒಂದು ಮಷೀನೋ ಅಥವಾ ನಾಲ್ಕು ಜನ ಒಂದರ ಮುಂದೆ ಇಣುಕಬೇಕೋ? ಪಾಠ ಮಾಡುವವರು ಬೇಕೆಂದೇ ಏನನ್ನಾದರೂ ಕೆಡಿಸಿಟ್ಟು ಸರಿ ಮಾಡಿ ಅನ್ನುತ್ತಾರಾ? ಕಾರಣ ಇದೆ. ಹೊಸಬರ ಸಂದರ್ಶನಕ್ಕೆ ಕೂತಾಗ ನಾನು ಕೇಳುವುದು ವ್ಯಾಖ್ಯಾನ ಅಲ್ಲ. "ಒಂದು ಕಂಪ್ಯೂಟರಿಗೆ 169.254ರಿಂದ ಶುರುವಾಗುವ ನೆಟ್‌ವರ್ಕ್ ವಿಳಾಸ ಬಂದಿದೆ, ಏನಾಗಿರಬಹುದು?" ಅಂತ ಕೇಳುತ್ತೇನೆ. ಕೈಯಾರೆ ಕೆಲಸ ಮಾಡಿದವರು, ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರಿನಿಂದ ವಿಳಾಸ ಸಿಕ್ಕಿಲ್ಲ, ಮೊದಲು ಕೇಬಲ್ ನೋಡುತ್ತೇನೆ ಅನ್ನುತ್ತಾರೆ. ಸ್ಲೈಡ್ ನೋಡಿ ಕಲಿತವರು ಡಿಎಚ್‌ಸಿಪಿಯ ಪೂರ್ಣರೂಪ ಒಪ್ಪಿಸುತ್ತಾರೆ.

ಪಾಠ ಮಾಡುವವರು ಆ ಪರೀಕ್ಷೆಯನ್ನು ತಾವೇ ಪಾಸು ಮಾಡಿದ್ದಾರಾ, ಆ ಕೆಲಸ ಮಾಡಿದ್ದಾರಾ ಎಂದೂ ಕೇಳಿ. ಸಂಕೋಚ ಬೇಡ, ದುಡ್ಡು ನಿಮ್ಮದು. ಒಂದು ತರಗತಿಗೆ ಸುಮ್ನೆ ಕೂರಲು ಬಿಡುತ್ತೀರಾ ಅಂತ ಕೇಳಿ ನೋಡಿ, ಅದಕ್ಕೆ ಒಪ್ಪದವರಿಗೆ ಫೀಸು ಕಟ್ಟುವ ಆತುರ ಏನಿದೆ? "ಪಾಸ್ ಗ್ಯಾರಂಟಿ" ಅಂದರೆ ಅನುಮಾನ ಪಡಿ. ಇದರ ಹಿಂದೆ ಎಷ್ಟೋ ಸಲ ಇರುವುದು ಡಂಪ್ಸ್, ಅಂದರೆ ಕದ್ದು ತಂದ ನಿಜವಾದ ಪರೀಕ್ಷೆಯ ಪ್ರಶ್ನೆಗಳು. ಬರೆಯುವ ಮುಂಚೆ ನೀವು ಒಪ್ಪುವ ಕರಾರಿನಲ್ಲೇ ಇದಕ್ಕೆ ನಿಷೇಧವಿದೆ. ಸಿಕ್ಕಿಬಿದ್ದರೆ ಸರ್ಟಿಫಿಕೇಶನ್ ರದ್ದಾಗಬಹುದು, ಮುಂದೆ ಬರೆಯಲೂ ಬಿಡದಿರಬಹುದು.

ಕೋರ್ಸೇ ಇಲ್ಲದೆ ಓದಬಹುದಾ? ಬಹುದು. ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಸಾಫ್ಟ್‌ವೇರಿನಲ್ಲಿ ರೂಟರ್ ಕೊಳ್ಳದೆ ನೆಟ್‌ವರ್ಕ್ ಕಟ್ಟಿ ನೋಡಬಹುದು. ವರ್ಚುವಲ್‌ಬಾಕ್ಸ್ ಹಾಕಿಕೊಂಡರೆ ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಲಿನಕ್ಸ್ ಓಡಿಸಬಹುದು. ಎರಡೂ ಉಚಿತ. ನಿಮ್ಮಷ್ಟಕ್ಕೆ ನೀವೇ ದಿನಾ ಕೂತು ಓದುವ ಜಾತಿಯವರಾದರೆ ಉಳಿದ ದುಡ್ಡನ್ನು ಪರೀಕ್ಷೆ ಶುಲ್ಕಕ್ಕೆ ಇಟ್ಟುಕೊಳ್ಳಿ. ಯಾರಾದರೂ ಹಿಂದೆ ಬಿದ್ದು ಓದಿಸಬೇಕು ಅನ್ನುವುದಾದರೆ ತರಗತಿ ಸೇರಿ, ಅದರಲ್ಲಿ ತಪ್ಪೇನಿಲ್ಲ.

ಎ ಪ್ಲಸ್, ಸಿಸಿಎನ್‌ಎ, ಆರ್‌ಎಚ್‌ಸಿಎಸ್‌ಎ ಮೂರಕ್ಕೂ ಆಯಸ್ಸು 3 ವರ್ಷ. ಆಮೇಲೆ ನವೀಕರಿಸಬೇಕು. ಹಾಗಾಗಿ ಕೆಲಸ ಹುಡುಕಲು ಇನ್ನೂ ಎರಡು ವರ್ಷ ಇದೆ ಅನ್ನುವವರು ಈಗಲೇ ಪರೀಕ್ಷೆ ಬರೆಯುವ ಅವಸರ ಮಾಡಬೇಡಿ. ಸಂಸ್ಥೆಯವರು ಪರೀಕ್ಷೆಯ ವೋಚರ್ (ಶುಲ್ಕ ಮೊದಲೇ ಕಟ್ಟಿದ ಕೂಪನ್) ಕೊಡುತ್ತೇವೆ ಅಂದರೆ ಅದರ ಕೊನೆಯ ದಿನಾಂಕ ಕೇಳಿ, ನಿಮ್ಮ ಬ್ಯಾಚ್ ಮುಗಿದ ಮೇಲೆ ಓದಿಕೊಳ್ಳಲು ಒಂದೆರಡು ತಿಂಗಳಾದರೂ ಉಳಿಯುತ್ತದಾ ಲೆಕ್ಕ ಹಾಕಿ.