ಮೂರನೆಯ ಕ್ಯಾನ್ವಾಸ್: ಎರೆಯ ಕಪ್ಪು

ಏಪ್ರಿಲ್ 5

ಮುಳುಗಡೆ ಸರಣಿಯ ಮೂರನೆಯ ಕ್ಯಾನ್ವಾಸ್ ಇಂದು ಶುರುವಾಯಿತು. ಎರಡು ಅಡಿ ಅಗಲ, ಮೂರು ಅಡಿ ಎತ್ತರ. ಮೊದಲಿನ ಎರಡನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದೇನೆ. ಅವನ್ನು ಹಿನ್ನೀರಿನ ದಂಡೆಯಲ್ಲಿ ಕುಳಿತು ಕಂಡದ್ದನ್ನು ಕಂಡಂತೆ ಬಿಡಿಸಿದ್ದೆ: ನೀಲಿ ನೀರು, ಆಚೆ ದಂಡೆ, ನಡುವೆ ಒಂದು ಒಣಮರ. ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು ತುಂಬಿ 519.60 ಮೀಟರಿಗೆ ನಿಂತಾಗ ಯಾರು ಬಂದರೂ ಕಾಣುವ ನೋಟ ಅದು. ಆ ನೀರಿನಡಿ ಮುಳುಗಿದ ನಮ್ಮ ಹೊಲ ಅದರಲ್ಲಿ ಇರಲೇ ಇಲ್ಲ.

ದಾರಿ ತೋರಿಸಿದ್ದು ಸೈಯದ್ ಹೈದರ್ ರಝಾ ಅವರ ಚಿತ್ರಗಳು. 1922ರಲ್ಲಿ ಈಗಿನ ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ ಬಾಬರಿಯಾದಲ್ಲಿ, ಅರಣ್ಯ ಇಲಾಖೆಯ ನೌಕರರ ಮಗನಾಗಿ ಹುಟ್ಟಿದವರು. 1950ರಲ್ಲಿ ಪ್ಯಾರಿಸ್ಸಿಗೆ ಹೋಗಿ ಅರವತ್ತು ವರ್ಷ ಫ್ರಾನ್ಸಿನಲ್ಲಿ ಬದುಕಿದರು. ಮೊದಮೊದಲು ಅಲ್ಲಿಯ ಹಳ್ಳಿ, ಚರ್ಚು, ಮನೆಗಳ ಸಾಲನ್ನೇ ಬಿಡಿಸಿದರು. 1956ರಲ್ಲಿ ಅಲ್ಲಿನ ವಿಮರ್ಶಕರ ಪ್ರಶಸ್ತಿಯೂ ಬಂತು. ಆಮೇಲೆ ಮನೆಗಳ ಗೆರೆ ಕರಗುತ್ತ ಹೋಗಿ ಬಣ್ಣವೇ ನೆಲವಾಯಿತು. ಎಪ್ಪತ್ತರ ದಶಕದ ಕ್ಯಾನ್ವಾಸುಗಳಲ್ಲಿ ಕಪ್ಪಿನೊಳಗಿಂದ ಕೆಂಪು, ಕಾವಿ ಉರಿಯಂತೆ ಏಳುತ್ತವೆ. ಅದು ಬಾಲ್ಯದಲ್ಲಿ ಕಂಡ ನರ್ಮದೆಯ ಸೀಮೆಯ ಕಾಡು, ಅದರ ಇರುಳು. ರಝಾ ಎಂದರೆ ಎಲ್ಲರೂ ಬಿಂದು, ಅಂದರೆ ಅವರು ಆಮೇಲೆ ಮತ್ತೆಮತ್ತೆ ಬಿಡಿಸಿದ ದೊಡ್ಡ ಕಪ್ಪು ವೃತ್ತ, ಎನ್ನುತ್ತಾರೆ. ನನಗೆ ಬಿಂದುವಿಗಿಂತ ಮೊದಲಿನ ಈ ವರ್ಷಗಳೇ ಹೆಚ್ಚು ಪ್ರೀತಿ. ಎದುರಿಗೆ ಇಲ್ಲದ ನೆಲವನ್ನು ಬಿಡಿಸುವುದು ಹೇಗೆಂಬುದು ಅಲ್ಲಿದೆ.

ಏಪ್ರಿಲ್ 12

ಇಡೀ ವಾರ ಕಪ್ಪಿಗೇ ಹೋಯಿತು. ಟ್ಯೂಬಿನ ಕಪ್ಪು ಬಳಿದರೆ ಡಾಂಬರಿನಂತೆ ಸತ್ತು ಬೀಳುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಕೂಡಿಸಿದೆ. ಆ ಕಪ್ಪಿಗೆ ಉಸಿರಿದೆ. ನೀಲಿ ಹೆಚ್ಚಾದರೆ ಮಳೆ ಕುಡಿದ ಎರೆಮಣ್ಣು, ಕಂದು ಹೆಚ್ಚಾಗಿ ಚೂರು ಬಿಳಿ ಬಿದ್ದರೆ ಬಿರುಕು ಬಿಟ್ಟ ಬೇಸಿಗೆಯ ಎರೆ. ಅಕ್ರಿಲಿಕ್ ಒಣಗಿದ ಮೇಲೆ ಒಂದು ಛಾಯೆ ಗಾಢವಾಗುತ್ತದೆ. ಹಾಗಾಗಿ ರಟ್ಟಿನ ತುಂಡಿಗೆ ಹಚ್ಚಿ, ಒಣಗಿದ ಮೇಲೆಯೇ ನಿರ್ಧರಿಸುತ್ತೇನೆ. ನವನಗರದ ಈ ಬಿಸಿಲಿಗೆ ಬಣ್ಣ ತಟ್ಟೆಯಲ್ಲೇ ಗಟ್ಟಿಯಾಗುತ್ತಿತ್ತು. ಒದ್ದೆ ಬಟ್ಟೆಯ ಮೇಲೆ ಬೆಣ್ಣೆ ಕಾಗದ ಹಾಸಿ ಕಲಸಿದ ಮೇಲೆ ತೊಂದರೆಯಿಲ್ಲ.

ಏಪ್ರಿಲ್ 19

ಕೆಳಗಿನ ಅರ್ಧ ಮುಗಿದಿದೆ.

ಏಪ್ರಿಲ್ 26

ನೀರು ಇಳಿದಿದೆ ಎಂದು ಹೊಲ ನೋಡಲು ಹೋಗಿದ್ದೆ. ಹೂಳು ಕೂತು, ಬದು ಯಾವುದು ಕಾಲುದಾರಿ ಯಾವುದು ಒಂದೂ ತಿಳಿಯಲಿಲ್ಲ. ರಝಾ 2016ರಲ್ಲಿ ದೆಹಲಿಯಲ್ಲಿ ತೀರಿಕೊಂಡಾಗ ಮಂಡ್ಲಾದಲ್ಲಿ, ತಂದೆಯ ಗೋರಿಯ ಪಕ್ಕದಲ್ಲಿ ಅವರನ್ನು ಮಣ್ಣು ಮಾಡಿದರು. ಹೂಳಿನಲ್ಲಿ ನಿಂತಾಗ ಅದೇ ನೆನಪಾಗುತ್ತಿತ್ತು. ನಮ್ಮ ಅಪ್ಪ ಈ ಹೊಲದ ಮಣ್ಣನ್ನೇ ಬಯಸಿದ್ದರು, ಸಿಗಲಿಲ್ಲ.

ಸಂಜೆ ಅವ್ವನನ್ನು ಕ್ಯಾನ್ವಾಸಿನ ಮುಂದೆ ಕೂರಿಸಿದೆ. ಬಹಳ ಹೊತ್ತು ನೋಡಿದಳು. “ಬದು ಇಷ್ಟು ನೇರ ಇರಲಿಲ್ಲ ತಮ್ಮಾ, ಬನ್ನಿ ಗಿಡದ ಹತ್ತಿರ ಬಳಸಿ ಹೋಗುತ್ತಿತ್ತು” ಎಂದು ಒಣಗಿದ ಬಣ್ಣದ ಮೇಲೆ ಬೆರಳಿನಿಂದ ಗೆರೆ ಎಳೆದಳು. ನಾನು ಬದುವನ್ನು ಬಿಡಿಸಿರಲೇ ಇಲ್ಲ. ಎರಡು ಕಪ್ಪುಗಳು ಸೇರುವ ಅಂಚನ್ನು ಅವಳು ಬದು ಎಂದುಕೊಂಡಿದ್ದಳು. ಅವಳ ಬೆರಳು ಹೋದ ದಾರಿಯನ್ನು ಸೀಮೆಸುಣ್ಣದಿಂದ ಗುರುತು ಹಾಕಿದ್ದೇನೆ. ಬರುವ ಭಾನುವಾರ ಅಂಚನ್ನು ಅಲ್ಲಿಗೆ ಸರಿಸಬೇಕು.